ಹದಿನಾರು ಜನಕ್ಕೆ ಒಂದು ವಾಕ್ಯ

ಬೆಳಿಗ್ಗೆ ಆರು ಗಂಟೆಗೆ ನಮ್ಮ ಹತ್ತನೇ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಎದ್ದಿರುವವರು ಇಬ್ಬರೇ. ಒಬ್ಬ ಸೂರ್ಯೋದಯದ ಚಿತ್ರದ ಮೇಲೆ ಶುಭೋದಯ ಎಂದು ಬರೆದದ್ದನ್ನು ಕಳಿಸುತ್ತಾನೆ, ಇನ್ನೊಬ್ಬ ಅದಕ್ಕೆ ಕೈ ಮುಗಿಯುತ್ತಾನೆ. ಉಳಿದವರು ಹತ್ತು ಗಂಟೆಯ ಮೇಲೆ ಬಂದು, ಕೈ ಮುಗಿದವನಿಗೆ ಕೈ ಮುಗಿಯುತ್ತಾರೆ. ಕಳೆದ ನವೆಂಬರಿನ ಒಂದು ದಿನ ಈ ಸೂರ್ಯನಿಗೂ ಕೈಗೂ ನಡುವೆ ನಾಲ್ಕು ಫೋಟೊಗಳು ಬಂದು ಕುಳಿತಿದ್ದವು. ಗೆರೆ ಎಳೆದ ಫುಲ್‌ಸ್ಕೇಪ್ ಹಾಳೆಗಳು. ಅಂಚು ಹಳದಿಗಟ್ಟಿ, ಮಡಿಕೆ ಬಿದ್ದ ಕಡೆ ಒಂದೊಂದು ಸಾಲೇ ಸವೆದುಹೋಗಿತ್ತು. ಮೇಲೆ ದಪ್ಪ ಅಕ್ಷರದಲ್ಲಿ ‘2005ರ ಮಹಾಮಸ್ತಕಾಭಿಷೇಕ: ಕಣ್ಣಾರೆ ಕಂಡ ವರದಿ’ ಎಂದಿತ್ತು. ಬರೆದವನು ನಾನೇ, ಆದರೆ ಅಕ್ಷರ ನನ್ನದಲ್ಲ. ನನ್ನ ಅಕ್ಷರ ಅಷ್ಟು ದುಂಡಗಿದ್ದಿದ್ದರೆ ಕನ್ನಡ ಮೇಷ್ಟ್ರು ಅದನ್ನು ಇನ್ನೊಬ್ಬರಿಂದ ನಕಲು ಮಾಡಿಸುವ ಪ್ರಮೇಯವೇ ಬರುತ್ತಿರಲಿಲ್ಲ.

1997ರ ಫೆಬ್ರವರಿಯಲ್ಲಿ, ನಮ್ಮ ಬೀಳ್ಕೊಡುಗೆಯ ದಿನ, ಇಡೀ ತರಗತಿಯ ಭವಿಷ್ಯವನ್ನು ಬರೆದು ಓದಿದವನು ನಾನು. ಅದನ್ನು ಆಮೇಲೆ ಭಿತ್ತಿಪತ್ರಿಕೆಗೆಂದು ದುಂಡಗೆ ನಕಲು ಮಾಡಿದ್ದು 36ನೇ ನಂಬರಿನವಳು. ಇಷ್ಟು ವರ್ಷ ಹಾಳೆಗಳನ್ನು ಇಟ್ಟುಕೊಂಡಿದ್ದವಳೂ ಅವಳೇ. (ಹೆಸರು ಬರೆದರೆ ಗುಂಪಿನಲ್ಲಿ ಜಗಳವಾಗುತ್ತದೆ. ಮೂರು ವರ್ಷ ಮೇಷ್ಟ್ರುಗಳು ನಮ್ಮನ್ನು ಹಾಜರಿ ನಂಬರಿನಿಂದಲೇ ಕರೆದಿದ್ದಾರೆ, ಇನ್ನೊಮ್ಮೆ ಹಾಗೆ ಕರೆಸಿಕೊಂಡರೆ ಯಾರಿಗೂ ನಷ್ಟವಿಲ್ಲ.) ಮೊದಲ ಎರಡು ಹಾಳೆಗಳನ್ನು ಹಾಸಿಗೆಯಲ್ಲೇ ಓದಿ ಒಬ್ಬನೇ ನಕ್ಕೆ. ಮೂರನೆಯ ಹಾಳೆಯ ನಡುವೆ ಒಂದು ವಾಕ್ಯದ ಅಡಿಯಲ್ಲಿ ಪೆನ್ಸಿಲಿನಿಂದ ಗೆರೆ ಎಳೆದಿತ್ತು. ಹಾಳೆ ಹಳೆಯದು, ಗೆರೆ ಹೊಸದು. ಆ ವಾಕ್ಯದ ಬಗ್ಗೆ ಆಮೇಲೆ ಹೇಳುತ್ತೇನೆ, ಏಕೆಂದರೆ ಅಂದು ನಾನೂ ಅದನ್ನು ಬೇಗ ದಾಟಿ ನಾಲ್ಕನೆಯ ಹಾಳೆಗೆ ಹೋದೆ.

ಬೆಟ್ಟದ ಮೇಲೊಂದು ತರಗತಿ

ನಮ್ಮೂರು ಶ್ರವಣಬೆಳಗೊಳದಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಒಂದು ಹೋಬಳಿ. ಆ ಸೀಮೆಯಲ್ಲಿ ಬೆಳೆದವರಿಗೆ ಕಾಲವನ್ನು ಅಳೆಯಲು ಇನ್ನೊಂದು ಕೋಲೂ ಇರುತ್ತದೆ. ನಮ್ಮಲ್ಲಿ ಬಹುಮಂದಿ ಹುಟ್ಟಿದ್ದು 1981ರ ಆಸುಪಾಸಿನಲ್ಲಿ, ಅಂದರೆ ಗೊಮ್ಮಟನಿಗೆ ಸಾವಿರ ವರ್ಷ ತುಂಬಿದ ಅಭಿಷೇಕದ ವರ್ಷ. ಇಂದಿರಾ ಗಾಂಧಿಯವರು ಹೆಲಿಕಾಪ್ಟರಿನಿಂದ ಹೂವು ಸುರಿಸಿದ್ದನ್ನು ನಮ್ಮ ತಾಯಂದಿರು ‘ನೀನು ಹೊಟ್ಟೇಲಿದ್ದಾಗ’ ಅಥವಾ ‘ನೀನಿನ್ನೂ ತೊಟ್ಟಿಲಲ್ಲಿದ್ದಾಗ’ ಎಂದು ಲೆಕ್ಕ ಹಿಡಿದು ಹೇಳುತ್ತಿದ್ದರು. 1993ರ ಡಿಸೆಂಬರಿನಲ್ಲಿ ಮುಂದಿನದು ಬಂದಾಗ ನಾವು ಏಳನೇ ತರಗತಿ. 58 ಅಡಿಯ ಮೂರ್ತಿಯ ಬೆನ್ನಿಗೆ ಕಟ್ಟಿದ ಅಟ್ಟಣಿಗೆಯ ಮೇಲಿಂದ ಹಾಲು, ಎಳನೀರು, ಕಬ್ಬಿನ ಹಾಲು, ಅರಿಶಿನ, ಚಂದನ ಒಂದರ ಹಿಂದೆ ಒಂದು ಇಳಿದು, ನಿಂತಲ್ಲೇ ದೇವರ ಬಣ್ಣ ಬದಲಾಗುತ್ತಿದ್ದುದನ್ನು ಅಪ್ಪನ ಹೆಗಲ ಮೇಲಿಂದ ನೋಡಿದ ನೆನಪು ನನಗಿದೆ. ಅಪ್ಪನ ಪ್ರಕಾರ ಆ ವಯಸ್ಸಿಗೆ ನಾನು ಹೆಗಲು ಹತ್ತುವ ತೂಕದವನಾಗಿರಲಿಲ್ಲ, ಹಾಗಾಗಿ ನೆನಪು ಯಾರದೋ ಇರಬೇಕು. ಏನೇ ಇರಲಿ, ಹತ್ತನೇ ತರಗತಿಯಲ್ಲಿ ನನಗೆ ‘ಭವಿಷ್ಯ’ ಎಂದರೆ 1993ಕ್ಕೆ 12 ಕೂಡಿಸಿದರೆ ಬರುವ ಸಂಖ್ಯೆ. (ಅಭಿಷೇಕ ನಿಜಕ್ಕೂ ನಡೆದದ್ದು 2006ರ ಫೆಬ್ರವರಿಯಲ್ಲಿ. ಶೀರ್ಷಿಕೆಯಲ್ಲೇ ಮೊದಲ ತಪ್ಪು.)

ಇಂಥದ್ದೊಂದನ್ನು ಬರೆಯಬೇಕಾಗಿ ಬಂದದ್ದಕ್ಕೆ ಕಾರಣ ಫಿಶ್ ಪಾಂಡ್. ಚೀಟಿಯಲ್ಲಿ ಹೆಸರು ಹಾಕದೆ ಯಾರ ಮೇಲಾದರೂ ಏನಾದರೂ ಬರೆದು ಡಬ್ಬಕ್ಕೆ ಹಾಕುವ, ಅದನ್ನು ಬೀಳ್ಕೊಡುಗೆಯ ದಿನ ಎಲ್ಲರೆದುರು ಓದುವ ಆ ಆಟ ಎಲ್ಲ ಶಾಲೆಗಳಲ್ಲೂ ಇತ್ತು. ನಮ್ಮ ಹಿಂದಿನ ವರ್ಷದವರ ಡಬ್ಬದಲ್ಲಿ ಒಂದು ಚೀಟಿ ಹದ ಮೀರಿ, ಸೈಕಲ್ ಸ್ಟ್ಯಾಂಡಿನಲ್ಲಿ ಹೊಡೆದಾಟವಾಗಿ, ಎರಡು ಮನೆಯವರು ಶಾಲೆಗೆ ಬಂದಿದ್ದರು. ಹಾಗಾಗಿ ನಮ್ಮ ವರ್ಷ ಡಬ್ಬ ರದ್ದಾಯಿತು. ಹುಡುಗರು ಮುಖ ಸಣ್ಣ ಮಾಡಿದ್ದನ್ನು ನೋಡಿ ಕನ್ನಡ ಮೇಷ್ಟ್ರು ಒಂದು ಉಪಾಯ ಹುಡುಕಿದರು: ತಮಾಷೆಯನ್ನು ಒಬ್ಬನೇ ಬರೆಯಲಿ, ತಾವು ಕೆಂಪು ಶಾಯಿಯಲ್ಲಿ ತಿದ್ದುತ್ತೇವೆ, ತಿದ್ದಿದ್ದನ್ನು ಮಾತ್ರ ಓದಲಿ. ಆ ಒಬ್ಬ ನಾನಾದದ್ದು ಪ್ರತಿಭೆಯಿಂದಲ್ಲ; ನನ್ನ ಅಪ್ಪ ಅದೇ ಊರಿನ ಪ್ರೈಮರಿ ಶಾಲೆಯ ಮೇಷ್ಟ್ರು, ಆದ್ದರಿಂದ ನಾನು ಹದ ಮೀರುವುದಿಲ್ಲ ಎಂಬ ನಂಬಿಕೆಯಿಂದ.

ವರದಿಯಲ್ಲಿ ನಾವೆಲ್ಲ ಇಪ್ಪತ್ತನಾಲ್ಕು ವರ್ಷದವರಾಗಿ ವಿಂಧ್ಯಗಿರಿಯ ಮೇಲೆ ಮತ್ತೆ ಸೇರಿದ್ದೇವೆ, ಒಬ್ಬೊಬ್ಬರೂ ತಮ್ಮ ತಮ್ಮ ಉದ್ಯೋಗದ ವೇಷದಲ್ಲಿ. ತರಗತಿಯಲ್ಲಿ ಸದಾ ತೂಕಡಿಸುತ್ತಿದ್ದ 19ನೇ ನಂಬರಿನವನು ಪೊಲೀಸ್ ಆಗಿದ್ದಾನೆ, ನೂಕುನುಗ್ಗಲಿನ ನಡುವೆ ಲಾಠಿಗೆ ಒರಗಿ ನಿದ್ದೆ ಮಾಡುತ್ತಿದ್ದಾನೆ. 9ನೇ ನಂಬರಿನವನು ಭಾರತ ತಂಡದ ವೇಗದ ಬೌಲರ್. ಹುಂಡಿಗೆ ಕಾಣಿಕೆ ಹಾಕುವ ಬದಲು ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ಓಡಿ ಬಂದು ಎಸೆಯುತ್ತಾನೆ, ನಾಣ್ಯ ಹುಂಡಿಯ ಹೊರಗೆ ಬೀಳುತ್ತದೆ, ಪುರೋಹಿತರು ವೈಡ್ ಕೊಡುತ್ತಾರೆ. ಇದು ಬರೀ ಕನಸಾಗಿರಲಿಲ್ಲ. ಜಾವಗಲ್ ಇರುವುದು ನಮ್ಮ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನಲ್ಲಿ. ಹಿಂದಿನ ಅಕ್ಟೋಬರ್ 21ರಂದು ಬೆಂಗಳೂರಿನಲ್ಲಿ ಆಸ್ಟ್ರೇಲಿಯದ ಎದುರು ಎಂಟು ವಿಕೆಟ್ ಬಿದ್ದ ಮೇಲೆ ಜಾವಗಲ್ ಶ್ರೀನಾಥ್ ಮತ್ತು ಕುಂಬ್ಳೆ ಸೇರಿ 52 ರನ್ ಹೊಡೆದು ಪಂದ್ಯ ಗೆದ್ದುಕೊಟ್ಟಿದ್ದರು, ಮಾರನೆಯ ದಿನದಿಂದ ನಮ್ಮ ಮೈದಾನದಲ್ಲಿ ಬೌಲರುಗಳೆಲ್ಲ ಬ್ಯಾಟು ಕೇಳುತ್ತಿದ್ದರು. 17ನೇ ನಂಬರಿನವನ ತಂದೆಯದು ಬಸ್ ಸ್ಟ್ಯಾಂಡಿನ ಹೋಟೆಲು. ಅಭಿಷೇಕದ ಹಾಲು ಕೆಳಗೆ ಹರಿದು ಬರುವ ಜಾಗ ನೋಡಿ ಅವನು ಪಾತ್ರೆ ಇಟ್ಟು ಕಾಫಿ ಅಂಗಡಿ ತೆರೆಯುತ್ತಾನೆ ಎಂದು ನಾನು ಬರೆದಿದ್ದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಪಕ್ಕದಲ್ಲಿ ‘ದೇವರ ಹಾಲು ಬೇಡ, ನೀರು ಬೆರೆಸಿದ ಸ್ವಂತ ಹಾಲು ಸಾಕು’ ಎಂದು ಬರೆದರು. ಊರಿನಲ್ಲಿ ಜೈನರ ನಾಲ್ಕು ಮನೆಗಳಿದ್ದವು, ಒಂದು ಮನೆಯ ಹುಡುಗಿ ನಮ್ಮ ತರಗತಿಯಲ್ಲೇ ಇದ್ದಳು. ಅವರು ತಿದ್ದಿದ್ದು ಸರಿ. ಆದರೂ ನನ್ನ ತಮಾಷೆಯೇ ಚೆನ್ನಾಗಿತ್ತು.

ಓದಿದ ದಿನದ ಒಂದು ಚಿತ್ರ ಮಾತ್ರ ಮಾಸಿಲ್ಲ. ಎಂಟನೇ ತರಗತಿಯ ಬೆಂಚುಗಳನ್ನು ಹೊರಗೆ ಹಾಕಿ ಜಮಖಾನ ಹಾಸಿದ್ದರು. ಕಾಗದದ ತಟ್ಟೆಯಲ್ಲಿ ಖಾರಾಬೂಂದಿ, ಒಂದು ಜಹಾಂಗೀರು, ಒಂದು ಬಾಳೆಹಣ್ಣು. ಮೇಜಿನ ಮೇಲೆ, ನಾವೆಲ್ಲ ದುಡ್ಡು ಹಾಕಿ ಶಾಲೆಗೆ ಕೊಟ್ಟ ಗೋಡೆ ಗಡಿಯಾರ. ಅದರ ಗಾಜಿನ ಮೇಲೆ ‘1996–97ನೇ ಸಾಲಿನ ಹತ್ತನೇ ತರಗತಿ ವಿದ್ಯಾರ್ಥಿಗಳ ಕೊಡುಗೆ’ ಎಂದು ಬರೆಸಿದ್ದೆವು, ಎಷ್ಟು ದೊಡ್ಡದಾಗಿ ಬರೆಸಿದ್ದೆವೆಂದರೆ ನಾಲ್ಕರಿಂದ ಎಂಟರವರೆಗಿನ ಅಂಕಿಗಳು ಕಾಣುತ್ತಿರಲಿಲ್ಲ. ನಾನು ಓದುತ್ತಿದ್ದೆ, ಒಬ್ಬೊಬ್ಬನ ಸರದಿ ಬಂದಾಗಲೂ ಅವನ ಬೆನ್ನಿಗೆ ಅಕ್ಕಪಕ್ಕದವರ ಗುದ್ದು ಬೀಳುತ್ತಿತ್ತು. ಗುದ್ದು ತಿಂದವನ ಮುಖದಲ್ಲಿ ಒಂದು ಸಮಾಧಾನವಿರುತ್ತಿತ್ತು. ಅದೇನೆಂದು ಆಗ ತಿಳಿಯಲಿಲ್ಲ. ಪರೀಕ್ಷೆಯಲ್ಲಿ ಏನಾದರೂ ಆಗಲಿ, ಕೊನೆಗೆ ನಾನೂ ಏನೋ ಒಂದು ಆಗುತ್ತೇನೆ ಎಂದು ಬರೆದು ಓದಿಬಿಟ್ಟರಲ್ಲ, ಆ ಸಮಾಧಾನ ಇರಬೇಕು.

ಮೊದಲು ಬಿದ್ದದ್ದು ಸರ್ಕಾರ

ವರದಿಯ ನಾಯಕ 1ನೇ ನಂಬರಿನವನು. ಅವನು ಪ್ರಧಾನಮಂತ್ರಿ. ಬೇರೆ ಯಾವ ವರ್ಷವಾಗಿದ್ದರೂ ಇದು ಅತಿಯಾಗುತ್ತಿತ್ತು, ಆದರೆ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ ಹುಟ್ಟಿದ ದೇವೇಗೌಡರು 1996ರ ಜೂನ್ 1ರಂದು ದೇಶದ ಪ್ರಧಾನಿಯಾಗಿದ್ದರು. ಅವರು ಹಾಸನದ ಪಾಲಿಟೆಕ್ನಿಕ್ಕಿನಲ್ಲಿ ಸಿವಿಲ್ ಡಿಪ್ಲೊಮಾ ಓದಿದವರು. ಆ ವರ್ಷ ನಮ್ಮ ಶಾಲೆಯಲ್ಲಿ ಪಾಲಿಟೆಕ್ನಿಕ್ಕಿಗೆ ಹೋಗುತ್ತೇನೆ ಎಂದವರ ಬೆನ್ನು ಸ್ವಲ್ಪ ನೆಟ್ಟಗಿರುತ್ತಿತ್ತು. ಗಣಿತದಲ್ಲಿ 35 ದಾಟಲು ಹೆಣಗುತ್ತಿದ್ದ ನಮ್ಮ ಪ್ರಧಾನಿ ಹೆಲಿಕಾಪ್ಟರಿನಲ್ಲಿ ಬಂದು, ಖರ್ಚು ಉಳಿಸಲೆಂದು ಹೂವಿನ ಬದಲು ಕಡಲೆಪುರಿ ಸುರಿಸಿ, ‘ಹಾಸನ–ಬೆಂಗಳೂರು ರೈಲು ಮುಂದಿನ ವಾರ’ ಎಂದು ಘೋಷಿಸುತ್ತಾನೆ. ನಾವು ಫಲಿತಾಂಶಕ್ಕೆ ಕಾಯುವ ಹೊತ್ತಿಗೆ ನಿಜವಾದ ಸರ್ಕಾರ ಬಿದ್ದುಹೋಗಿತ್ತು. ಏಪ್ರಿಲ್ 11ರಂದು ಲೋಕಸಭೆಯಲ್ಲಿ ವಿಶ್ವಾಸಮತ ಸೋತಾಗ ಊರ ಹಿರಿಯರು ಟಿ.ವಿ. ಆರಿಸಿ ಸುಮ್ಮನೆ ಕುಳಿತರು. 1ನೇ ನಂಬರಿನವನು ಅದೇ ವಾರ ನನ್ನನ್ನು ಬಾವಿಯ ಹತ್ತಿರ ಕಂಡು ‘ಈಗ ನನ್ ಕಥೆ?’ ಎಂದು ಕೇಳಿದ. ಅವನು ಮುಂದೆ ಒಂದು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯನಾದ, ಎರಡನೆಯ ಸಲ ಹದಿನಾಲ್ಕು ಮತಗಳಿಂದ ಸೋತ. ರೈಲು ಮಾತ್ರ ಬಂತು. ಚನ್ನರಾಯಪಟ್ಟಣ, ಶ್ರವಣಬೆಳಗೊಳ, ಕುಣಿಗಲ್ ಮೇಲೆ ಹಾಯುವ ಆ ನೇರ ಮಾರ್ಗ ತೆರೆದದ್ದು 2017ರ ಮಾರ್ಚಿನಲ್ಲಿ, ಅಂದರೆ ನಮ್ಮ ಪ್ರಧಾನಿ ಹೇಳಿದ ‘ಮುಂದಿನ ವಾರ’ ಹನ್ನೆರಡು ವರ್ಷ ಹಿಡಿಯಿತು.

ಆದರೆ ಭವಿಷ್ಯ ಸುಳ್ಳಾದದ್ದರ ಬಗ್ಗೆ ನನಗೆ ಬೇಸರವಿಲ್ಲ. ಈಗ ಓದುವಾಗ ಕಾಡುವುದು ಬೇರೆ. ಇಡೀ ವರದಿಯಲ್ಲಿ ಅತ್ಯಂತ ಶ್ರೀಮಂತನಾದವನು ಪ್ರಧಾನಿಯಲ್ಲ, 5ನೇ ನಂಬರಿನವನು. ಅವನು ಬೆಟ್ಟದ ತುದಿಯಲ್ಲಿ ಹಳದಿ ಬೋರ್ಡಿನ ಎಸ್.ಟಿ.ಡಿ. ಬೂತ್ ಹಾಕಿದ್ದಾನೆ. ಮೂರು ಫೋನು! ‘ಮೂರು ಫೋನು’ ಎಂದು ಓದಿದಾಗ ತರಗತಿಯಲ್ಲಿ ಎದ್ದ ಗದ್ದಲ ಪ್ರಧಾನಿಗೂ ಎದ್ದಿರಲಿಲ್ಲ. ಏಕೆಂದರೆ ಪ್ರಧಾನಿಯ ಶ್ರೀಮಂತಿಕೆಯನ್ನು ನಾವು ಕಂಡಿರಲಿಲ್ಲ. ರಾತ್ರಿ ಹತ್ತರ ಮೇಲೆ ದರ ಇಳಿಯಲೆಂದು ಕಾಯುತ್ತಾ ಬೂತಿನ ಮುಂದೆ ಸಾಲು ನಿಂತವರನ್ನೂ, ಒಳಗೆ ಮೀಟರಿನ ಕೆಂಪು ಅಂಕಿಗಳು ಓಡುವುದನ್ನೂ, ಪ್ರಿಂಟರಿನಿಂದ ಬಿಲ್ಲು ಕಿರುಗುಟ್ಟುತ್ತಾ ಬರುವುದನ್ನೂ ಕಂಡಿದ್ದೆವು. 2005ರಲ್ಲಿ ಬೂತಿನ ಹಳದಿ ಬೋರ್ಡು ಮಾಸುತ್ತಿತ್ತು, ಫೋನು ಜೇಬಿಗೆ ಬಂದಿತ್ತು. ಕಣ್ಣ ಮುಂದೆ ಇದ್ದ ಹದಿನೈದು ಇಪ್ಪತ್ತು ಕಸುಬುಗಳನ್ನು ಇಸ್ಪೀಟಿನ ಎಲೆಗಳಂತೆ ಕಲಸಿ ಇಪ್ಪತ್ತಾರು ಹುಡುಗರಿಗೆ ಹಂಚಿದ್ದನ್ನೇ ನಾನು ಕಲ್ಪನೆ ಎಂದುಕೊಂಡಿದ್ದೆ: ಕಂಡಕ್ಟರ್, ಟಿ.ಸಿ.ಎಚ್. ಮಾಡಿದ ಮೇಷ್ಟ್ರು, ಕೊಬ್ಬರಿ ಮಂಡಿ ಸಾಹುಕಾರ, ವಿಲೇಜ್ ಅಕೌಂಟೆಂಟ್, ಹಾಸನದಲ್ಲಿರುವ ಇಸ್ರೊ ನಿಯಂತ್ರಣ ಕೇಂದ್ರ ಎಂ.ಸಿ.ಎಫ್.ನಲ್ಲಿ ಉಪಗ್ರಹಕ್ಕೆ ‘ಎಡಕ್ಕೆ ಬಾ, ಬಲಕ್ಕೆ ಬಾ’ ಎಂದು ಹೇಳುವ ವಿಜ್ಞಾನಿ. ಈಗ ನಮ್ಮ ತರಗತಿಯಲ್ಲಿ ಎರಡು ಜೆಸಿಬಿಗಳ ಒಡೆಯ ಇದ್ದಾನೆ, ಬೆಂಗಳೂರಿನಲ್ಲಿ ಆ್ಯಪಿನ ಕಾರು ಓಡಿಸುವವರು ಮೂವರಿದ್ದಾರೆ, ಕ್ಯಾನಿನಲ್ಲಿ ನೀರು ಮಾರುವವನೊಬ್ಬ ಇದ್ದಾನೆ. 1997ರಲ್ಲಿ ‘ಇವನು ನೀರು ಮಾರಿ ಮನೆ ಕಟ್ಟುತ್ತಾನೆ’ ಎಂದು ಓದಿದ್ದರೆ ಅವನು ಜಗಳಕ್ಕೆ ಬರುತ್ತಿದ್ದ.

ಡೋಲಿ

23ನೇ ನಂಬರಿನವನ ತಂದೆ ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಹಮಾಲಿ. ಅವನೂ ಗಟ್ಟಿಮುಟ್ಟು, ಬೆಂಚು, ಬೀರು, ಧ್ವಜಸ್ತಂಭದ ಕಲ್ಲು, ಏನನ್ನೇ ಎತ್ತಿಡಬೇಕಾದರೂ ಮೇಷ್ಟ್ರುಗಳು ಕರೆಯುತ್ತಿದ್ದುದು ಅವನನ್ನು. ವರದಿಯಲ್ಲಿ ಅವನು ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳ ಮೇಲೆ ವಯಸ್ಸಾದವರನ್ನು ಡೋಲಿಯಲ್ಲಿ ಹೊರುತ್ತಾನೆ. ಆಗ ಅದು ನನಗೆ ಬರೀ ಸಹಜ ಅನ್ನಿಸಿತ್ತು. ನಾನೀಗ ವಿಮೆಯ ಕೆಲಸದಲ್ಲಿದ್ದೇನೆ. ನಮ್ಮ ಪ್ರಪೋಸಲ್ ಫಾರಮ್ಮಿನಲ್ಲಿ ಮನೆಯವರ ವಿವರಕ್ಕೆ ಒಂದು ಜಾಗವಿರುತ್ತದೆ: ತಂದೆ ಇದ್ದಾರೋ ಇಲ್ಲವೋ, ಇದ್ದರೆ ಆರೋಗ್ಯ ಹೇಗಿದೆ, ಇಲ್ಲದಿದ್ದರೆ ಎಷ್ಟನೇ ವಯಸ್ಸಿನಲ್ಲಿ, ಯಾವ ಕಾಯಿಲೆಯಿಂದ. ಮಗನ ಮುಂದಿನ ದಿನಗಳನ್ನು ಅಂದಾಜು ಮಾಡುವವರು ಮೊದಲು ಅಪ್ಪನ ಕಾಲಂ ನೋಡುತ್ತಾರೆ. ಹಾಳೆಗಳನ್ನು ಮತ್ತೆ ಓದಿದ ಆ ಬೆಳಿಗ್ಗೆ, ಹದಿನಾರನೇ ವಯಸ್ಸಿನಲ್ಲಿ ಯಾರೂ ಕಲಿಸದೆಯೇ ನಾನು ಆ ಕಾಲಂ ನೋಡಿ ಬರೆದಿದ್ದೆ ಎಂಬುದು ಗೊತ್ತಾಯಿತು. ಹೋಟೆಲಿನವರ ಮಗನಿಗೆ ಹೋಟೆಲು, ಡಾಕ್ಟರ ಮಗನಿಗೆ ಸ್ಟೆತಾಸ್ಕೋಪು, ಹಮಾಲಿಯ ಮಗನಿಗೆ ಡೋಲಿ. ಇಪ್ಪತ್ತಾರರಲ್ಲಿ ಹತ್ತೊಂಬತ್ತು ಜನರಿಗೆ ಹೀಗೆಯೇ; ಕೂತು ಎಣಿಸಿದೆ. ಮೇಷ್ಟ್ರ ಮಗನಾದ ನನ್ನ ಪಾಲಿಗೆ ಏನೂ ಇಲ್ಲ, ಏಕೆಂದರೆ ನಾನು ವರದಿಗಾರ.

ಡಿಸೆಂಬರಿನಲ್ಲಿ ಗುರುವಂದನೆಗೆಂದು ಶಾಲೆಯಲ್ಲೇ ಸೇರಿದಾಗ 23ನೇ ನಂಬರಿನವನನ್ನು ಒಂದು ಬದಿಗೆ ಕರೆದು ಈ ವಿಷಯ ಎತ್ತಿದೆ. ಅವನು ಈಗ ಲೈನ್‌ಮ್ಯಾನ್, ಇಬ್ಬರು ಹೆಣ್ಣುಮಕ್ಕಳು. ನಾನು ತಯಾರು ಮಾಡಿಕೊಂಡು ಹೋಗಿದ್ದ ಮಾತನ್ನು ಅರ್ಧ ಆಡುವಷ್ಟರಲ್ಲಿ ಅವನು ನಗತೊಡಗಿದ. ಡೋಲಿಯೊಳಗೆ ಕುಳಿತವರು ಯಾರೆಂದು ನಾನೇ ಮರೆತಿದ್ದೆ: ನಮ್ಮ ಮುಖ್ಯೋಪಾಧ್ಯಾಯರು. ಅರ್ಧ ಬೆಟ್ಟದಲ್ಲಿ ಡೋಲಿ ಇಳಿಸಿ ಅವನು ಅವರಿಗೆ ಹದಿನೇಳರ ಮಗ್ಗಿ ಕೇಳುತ್ತಾನೆ, ಹೇಳುವವರೆಗೆ ಎತ್ತುವುದಿಲ್ಲ. ‘ಹೆಡ್ ಮೇಷ್ಟ್ರಿಗೆ ಮಗ್ಗಿ ಕೇಳಿದ್ನಲ್ಲೋ ನಾನು, ಅದೊಂದ್ ಸಾಕು ಕಣಪ್ಪ’ ಎಂದು ಅವನು ನನ್ನ ಹೆಗಲ ಮೇಲೆ ಕೈ ಹಾಕಿದ. ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದಾನಂತೆ, ಅದು ನಿಜವಾಗಿ ನಡೆದದ್ದೆಂದೇ ಚಿಕ್ಕವಳು ನಂಬಿದ್ದಳಂತೆ. ಅವನು ಡೋಲಿಯನ್ನು ಮನಸ್ಸಿಗೆ ಹಚ್ಚಿಕೊಳ್ಳದ್ದರಿಂದ ನಾನು ಬರೆದದ್ದು ಸರಿಯಾಗುವುದಿಲ್ಲ. ಆದರೆ ತಂದಿದ್ದ ಕ್ಷಮಾಪಣೆಯನ್ನು ಹಾಗೆಯೇ ವಾಪಸು ತೆಗೆದುಕೊಂಡು ಹೋಗಬೇಕಾಯಿತು.

ಕೆಂಪು ಗೆರೆಯ ಕೆಳಗೆ

ನಮ್ಮ ಹಾಜರಿ ಪುಸ್ತಕದಲ್ಲಿ 27ಕ್ಕೆ ಹುಡುಗರು ಮುಗಿಯುತ್ತಿದ್ದರು. ಅಲ್ಲಿ ಒಂದು ಕೆಂಪು ಗೆರೆ. ಅದರ ಕೆಳಗೆ 28ರಿಂದ 43ರವರೆಗೆ ಹುಡುಗಿಯರು. ಅಡಿಗೆರೆ ಎಳೆದಿದ್ದ ಆ ವಾಕ್ಯವನ್ನು ಈಗ ಇಲ್ಲಿ ಬರೆಯಲೇಬೇಕು: ‘ಅಷ್ಟರಲ್ಲಿ ನಮ್ಮ ತರಗತಿಯ ಹದಿನಾರು ಮಂದಿ ಸಹೋದರಿಯರು ರೇಷ್ಮೆ ಸೀರೆಯುಟ್ಟು, ಕಳಶ ಹೊತ್ತು, ಸಾಲಾಗಿ ಬಂದು, ಸಾಲಾಗಿ ಹೋದರು.’ ಇಷ್ಟೇ. ಮುಂದಿನ ಸಾಲಿನಲ್ಲಿ ಮತ್ತೆ ಹೆಲಿಕಾಪ್ಟರ್. ‘ಸಹೋದರಿಯರು’ ಎಂಬುದು ಮೇಷ್ಟ್ರ ಕೆಂಪು ಶಾಯಿಯ ಸೇರ್ಪಡೆ, ಉಳಿದದ್ದೆಲ್ಲ ನನ್ನದು. 36ನೇ ನಂಬರಿನವಳು ಅದನ್ನು ತನ್ನ ಮುದ್ದಾದ ಅಕ್ಷರದಲ್ಲಿ, ಒಂದು ಚಿತ್ತಿಲ್ಲದೆ, ನಕಲು ಮಾಡಿದ್ದಾಳೆ.

ಗುರುವಂದನೆಯ ದಿನ ಆಕೆಯೇ ಬಂದು ಮಾತಾಡಿಸಿದಳು. ಮೂರು ವರ್ಷ ಒಂದೇ ಕೋಣೆಯಲ್ಲಿ ಕುಳಿತವರು ಮೊದಲ ಬಾರಿ ಮಾತಾಡಿದ್ದು ನಲವತ್ತು ದಾಟಿದ ಮೇಲೆ, ಆದ್ದರಿಂದ ಬಹುವಚನದಲ್ಲೇ ಆಯಿತು. ‘ಹದಿನಾರು ಜನಕ್ಕೂ ಸೇರಿ ಒಂದೇ ವಾಕ್ಯ ಕಣ್ರೀ. ಗುದ್ದು ತಿನ್ನೋಕಾದ್ರೂ ಒಂದೊಂದು ಸಾಲು ಬೇಡ್ವಾ?’ ಎಂದಳು. ಮೇಷ್ಟ್ರು ಬಿಡುತ್ತಿರಲಿಲ್ಲ, ಹಿಂದಿನ ವರ್ಷದ ಹೊಡೆದಾಟಕ್ಕೆ ಕಾರಣವೂ ಒಬ್ಬ ಹುಡುಗಿಯ ಮೇಲಿನ ಚೀಟಿಯೇ ಎಂದೆಲ್ಲ ವಿವರಿಸಿದೆ. ಅದು ಸುಳ್ಳಲ್ಲ. ಆದರೆ ಮೇಷ್ಟ್ರು ಬಿಟ್ಟಿದ್ದರೂ ನಾನು ಬರೆಯುವುದಕ್ಕೆ ಏನಿತ್ತು? ಯಾರು ತೂಕಡಿಸುತ್ತಾರೆ, ಯಾರು ಸುಳ್ಳು ಹೇಳುತ್ತಾರೆ, ಯಾರಿಗೆ ಬೌಲಿಂಗಿನ ಹುಚ್ಚು ಎಂಬುದು ಗೆರೆಯ ಮೇಲಿನವರ ಬಗ್ಗೆ ಮಾತ್ರ ನನಗೆ ಗೊತ್ತಿತ್ತು. ಗೆರೆಯ ಕೆಳಗಿನವರ ಬಗ್ಗೆ ನನಗೆ ತಿಳಿದಿದ್ದುದು ಜಡೆ ಎಷ್ಟು ಉದ್ದ ಎಂಬುದಷ್ಟೇ. ಅವರು ಮುಂದೆ ಕೂರುತ್ತಿದ್ದರು, ನಾವು ಹಿಂದೆ. ಆಕೆ ಈಗ ಪಕ್ಕದ ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ. ಆ ಕೆಲಸ ದೇಶದಲ್ಲಿ ಹುಟ್ಟಿದ್ದು 2005ರಲ್ಲಿ, ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆಗೆ. ನಾನು ಆಕೆಯ ತಲೆಗೆ ಕಳಶ ಹೊರಿಸಿದ ಅದೇ ವರ್ಷ. ಬಸುರಿಯರ ಪಟ್ಟಿ, ಮಕ್ಕಳ ಲಸಿಕೆಯ ದಿನಾಂಕ, ಎಲ್ಲವನ್ನೂ ಅದೇ ದುಂಡು ಅಕ್ಷರದಲ್ಲಿ ಬರೆದಿಟ್ಟ ಡೈರಿಯನ್ನು ಚೀಲದಿಂದ ತೆಗೆದು ತೋರಿಸಿದಳು.

ಆಮೇಲೆ ಆಕೆ ಹೇಳಿದ್ದು ನನಗೆ ಗೊತ್ತಿಲ್ಲದ ಸಂಗತಿ. ಊಟದ ಹೊತ್ತಿನಲ್ಲಿ ಶಾಲೆಯ ಹಿಂದಿನ ಹೊಂಗೆ ಮರದ ಕೆಳಗೆ ಹುಡುಗಿಯರೂ ಇದೇ ಆಟ ಆಡುತ್ತಿದ್ದರಂತೆ. ಕಾಗದವಿಲ್ಲ, ಕೆಂಪು ಶಾಯಿಯಿಲ್ಲ, ಬಾಯಲ್ಲೇ. ಇಪ್ಪತ್ತೇಳು ಹುಡುಗರಿಗೂ ಒಂದೊಂದು ಕಥೆ, ಧ್ವನಿ ಅನುಕರಣೆ ಸಮೇತ. 9ನೇ ನಂಬರ್ ಬೌಲರ್ ತನ್ನ ಪುಟ್ಟ ಮಗನಿಗೂ ಜೋರಾಗಿ ಚೆಂಡೆಸೆದು, ಔಟ್ ಮಾಡಿ, ಮಗು ಅತ್ತರೂ ಇನ್ನೊಂದು ಬಾಲ್ ಬಿಡುವುದಿಲ್ಲ. 23ನೇ ನಂಬರಿನವನು ಯಾರ ಮನೆಯ ಮದುವೆಗೆ ಹೋದರೂ ಎಲೆಯ ಮುಂದೆ ಕೂರುವುದಿಲ್ಲ, ಸಾರಿನ ಬಕೆಟ್ಟು ಹಿಡಿದು ಓಡಾಡುತ್ತಲೇ ಇರುತ್ತಾನೆ. ಆಕೆ ಇದನ್ನು ಹೇಳುವಾಗ ನಾನು ಅಂಗಳದ ಕಡೆ ನೋಡಿದೆ: ಬಾಡಿಗೆಗೆ ತಂದ ಅಡುಗೆಯವರು ಕೈಕಟ್ಟಿ ನಿಂತಿದ್ದರು, ನಮ್ಮ ಲೈನ್‌ಮ್ಯಾನ್ ಎರಡನೇ ಪಂಕ್ತಿಗೆ ಪಲ್ಯ ಬಡಿಸುತ್ತಿದ್ದ. ಅವರ ಕಥೆಗಳಲ್ಲಿ ಯಾರ ಅಪ್ಪನ ಕೆಲಸವೂ ಇರಲಿಲ್ಲ. ಮುಂದೆ ಕುಳಿತವರು ನಮ್ಮನ್ನು ಅಷ್ಟೆಲ್ಲ ಯಾವಾಗ ನೋಡಿದರು ಎಂಬುದೇ ನನಗೆ ಇಂದಿಗೂ ಬಗೆಹರಿದಿಲ್ಲ.

‘ನನಗೇನು ಹೇಳಿದ್ರಿ?’ ಎಂದು ಕೇಳಿದೆ. ಆಕೆ ಹೇಳಲೋ ಬೇಡವೋ ಎಂದು ನೋಡಿದಳು. ‘ನೀವು ಒಂದು ಬ್ಯಾಗು ಹಿಡ್ಕೊಂಡು ಮನೆಮನೆಗೆ ಬಂದು ಏನೋ ಮಾರ್ತೀರ ಅಂತ. ಜಗಲಿ ಮೇಲೆ ಕೂತ್ರೆ ತಗೊಳ್ಳೋ ತನಕ ಏಳಲ್ಲ ಅಂತ. ಏನು ಮಾರ್ತೀರ ಅನ್ನೋದ್ರಲ್ಲಿ ಮಾತ್ರ ಜಗಳ ಇತ್ತು. ಕುಕ್ಕರ್ ಅಂತ ನಾನು, ಡಿಕ್ಷನರಿ ಅಂತ ಅವಳು’ ಎಂದು 31ನೇ ನಂಬರಿನವಳ ಕಡೆ ಕೈ ತೋರಿದಳು. ನಂತರ ತನ್ನ ಚೀಲವನ್ನು ಹೆಗಲಿಗೇರಿಸುತ್ತಾ, ‘ಬ್ಯಾಗು ಹಿಡ್ಕೊಂಡು ಮನೆಮನೆ ತಿರುಗೋದು ನನ್ ಪಾಲಿಗೂ ಬಂತು ಬಿಡಿ. ನೀವೀಗ ಏನ್ ಮಾಡ್ತಿದೀರಿ?’ ಎಂದು ಕೇಳಿದಳು.

ಸ್ವಂತ ಕೆಲಸ ಎಂದೆ. ನನ್ನ ಬ್ಯಾಗು ಕುರ್ಚಿಯ ಕೆಳಗಿತ್ತು, ಅದರಲ್ಲಿ ನಾಲ್ಕು ಪ್ರಪೋಸಲ್ ಫಾರಮ್ಮುಗಳಿದ್ದವು; ಒಂದಕ್ಕೆ ಊಟಕ್ಕೆ ಮುಂಚೆಯೇ ಜೆಸಿಬಿಯವನಿಂದ ಸಹಿ ಹಾಕಿಸಿಯಾಗಿತ್ತು.